ಗರಿಕೆ, ದಾಸವಾಳ, ಜೊತೆಗೊಂದು ಚೂರು ಸೀಮೆಬದನೆ

ನಮ್ಮ ಹಿತ್ತಲಲ್ಲಿ ಶಾನುಭೋಗರು ಇದ್ದಾರೆ. ಬೆಳಿಗ್ಗೆ ಬಿಲದಿಂದ ಎದ್ದು ಬಂದವರೇ ಕಾಂಪೌಂಡ್ ಗೋಡೆ ಪಕ್ಕದಲ್ಲೇ ಒಂದು ಸುತ್ತು ಹೋಗುತ್ತಾರೆ. ಮೂಲೆ ಬಂದರೆ ನಿಲ್ಲುತ್ತಾರೆ, ಕತ್ತು ಚಾಚಿ ನೋಡುತ್ತಾರೆ, ಮತ್ತೆ ಮುಂದಕ್ಕೆ. ಥೇಟ್ ಜಮೀನು ಅಳೆಯೋಕೆ ಬಂದವರ ಹಾಗೆ. ಅದಕ್ಕೇ ಅಮ್ಮ ಆ ಹೆಸರಿಟ್ಟಿದ್ದು. ಇವರು ಸೊನೋರನ್ ಮರುಭೂಮಿಯ ಆಮೆ. ತೂಕ ನಾಲ್ಕು ಕಿಲೋ ಹತ್ತಿರ, ಚಿಪ್ಪು ಊಟದ ತಟ್ಟೆಯಷ್ಟು ಅಗಲ. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್ ಊರಲ್ಲಿ.

ಫೋಟೊ ಹಾಕಿದಾಗೆಲ್ಲ ಊರಿನ ಕಡೆಯವರು ಯಾರಾದರೂ ಕೇಳಿಯೇ ಕೇಳುತ್ತಾರೆ, "ಆಮೆ ಸಾಕೋದು ಕಾನೂನಿಗೆ ವಿರುದ್ಧ ಅಲ್ವಾ" ಅಂತ. ಇಂಡಿಯಾದಲ್ಲಿ ಹೌದು. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 2019ರಲ್ಲಿ ಅದನ್ನು ಸೈಟಿಸ್ ಅನ್ನೋ, ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದರು, ಅಂದರೆ ಕಾಡಿನಿಂದ ಹಿಡಿದು ದೇಶದಿಂದ ದೇಶಕ್ಕೆ ಮಾರುವ ವ್ಯಾಪಾರ ಪೂರ್ತಿ ಬಂದ್. ಆದರೂ ಚೀಲದಲ್ಲಿ, ಸೂಟ್‌ಕೇಸಿನಲ್ಲಿ ತುಂಬಿ ಸಾಗಿಸುವವರು ಸಾಗಿಸುತ್ತಲೇ ಇದ್ದಾರೆ. 2018ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ಬಂದಿದ್ದವು, ನೆನಪಿರಬಹುದು.

ಅರಿಜೋನಾದ ಕಥೆ ಸ್ವಲ್ಪ ಬೇರೆ. ಕಾಡಿನ ಆಮೆಯನ್ನು ಇಲ್ಲೂ ಎತ್ತಿಕೊಂಡು ಬರುವ ಹಾಗಿಲ್ಲ. ಆದರೆ ವರ್ಷಗಟ್ಟಲೆ ಮನೆಗಳಲ್ಲೇ ಬೆಳೆದು, ಯಜಮಾನರು ತೀರಿಕೊಂಡೋ ಊರು ಬಿಟ್ಟೋ ದಿಕ್ಕಿಲ್ಲದೆ ಉಳಿದ ಆಮೆಗಳು ಬೇಕಾದಷ್ಟಿವೆ. ಅವನ್ನು ಮರುಭೂಮಿಗೆ ಬಿಟ್ಟರೆ ಮನೆಯಲ್ಲಿ ಅಂಟಿದ ಮೂಗು ಸೋರುವ ಕಾಯಿಲೆ ಅಲ್ಲಿನವಕ್ಕೂ ಹಬ್ಬುತ್ತೆ. ಅದಕ್ಕೆ ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆಯವರು ಅವನ್ನು ದತ್ತು ಕೊಡುತ್ತಾರೆ. ಅರ್ಜಿ ಹಾಕಬೇಕು, ಹಿತ್ತಲಿನ ಫೋಟೊ ಕಳಿಸಬೇಕು, ಬಿಲ ಕಟ್ಟಿಕೊಟ್ಟಿರಬೇಕು. ಮರಿ ಮಾಡಿಸುವ ಹಾಗಿಲ್ಲ. ಒಟ್ಟಿನಲ್ಲಿ ಹೆಣ್ಣು ಕೊಡುವವರಿಗಿಂತ ಜಾಸ್ತಿ ವಿಚಾರಿಸುತ್ತಾರೆ. 2021ರ ಬೇಸಿಗೆಯಲ್ಲಿ ಶಾನುಭೋಗರು ನಮ್ಮ ಮನೆಗೆ ಬಂದರು.

ಊಟದ ವಿಷಯಕ್ಕೆ ಬರುತ್ತೇನೆ. ದತ್ತು ಕೊಡುವಾಗ ಕೈಗೆ ಒಂದು ಪಟ್ಟಿ ಕೊಟ್ಟರು. ಮೊದಲನೆಯದು ಬರ್ಮುಡಾ ಹುಲ್ಲು. ಇದ್ಯಾವುದಪ್ಪಾ ಬರ್ಮುಡಾ ಅಂತ ಹುಡುಕಿ ನೋಡಿದರೆ ನಮ್ಮ ಗರಿಕೆ! ಗಣೇಶನಿಗೆ ಇಪ್ಪತ್ತೊಂದು ಎಣಿಸಿ ಇಡುತ್ತೀವಲ್ಲ, ಅದೇ. ಇಲ್ಲಿ ಲಾನ್‌ಗೆ ಹಾಕುತ್ತಾರೆ, ಬೇಡದ ಕಡೆ ಬಂದರೆ ಬೈಯುತ್ತಾ ಕಿತ್ತು ಹಾಕುತ್ತಾರೆ. ಪಟ್ಟಿಯಲ್ಲಿ ಇನ್ನೂ ಸ್ವಲ್ಪ ಕೆಳಗೆ ದಾಸವಾಳ, ಹೂವೂ ಎಲೆಯೂ. ಅದೂ ಗಣೇಶನದ್ದೇ. ನನಗೆ ಒಂಥರಾ ಸಮಾಧಾನ ಆಯ್ತು. ದೇಶ ಬಿಟ್ಟು ಬಂದು ಹದಿನಾಲ್ಕು ವರ್ಷ ಆದ ಮೇಲೆ ಮತ್ತೆ ಬೆಳಿಗ್ಗೆ ಎದ್ದು ಗರಿಕೆ ಕೀಳುವ ಕೆಲಸ ಸಿಕ್ಕಿತು, ಗಣೇಶನ ಬದಲು ಆಮೆಗೆ.

ಎರಡು ವರ್ಷ ಹೀಗೇ ನಡೆಯಿತು. ಹುಲ್ಲು, ದಾಸವಾಳ, ಇಲ್ಲಿನ ಕಾಡು ಗಿಡ ಗ್ಲೋಬ್ ಮ್ಯಾಲೋ, ಪಾಪಾಸುಕಳ್ಳಿ. ಅಷ್ಟೇ. ಆಮೇಲೆ ಏಪ್ರಿಲ್‌ನಲ್ಲಿ ಅಮ್ಮ ಆರು ತಿಂಗಳಿಗೆ ಅಂತ ಬಂದರು.

ಮೂರನೇ ದಿನಕ್ಕೇ ಶುರು. "ಅಲ್ಲ ಕಣೇ, ದಿನಾ ಹುಲ್ಲೇನಾ ಇದಕ್ಕೆ? ಬಾಯಿಲ್ಲದ ಜೀವ. ನೀನು ದಿನಾ ಬರೀ ಮುದ್ದೆ ಹಾಕಿದ್ರೆ ತಿಂತಿದ್ಯಾ?"

"ಅದು ತಿನ್ನೋದೇ ಅದನ್ನ ಅಮ್ಮಾ."

"ನೀನು ಕೊಟ್ಟಿಲ್ಲ, ಅದು ತಿಂದಿಲ್ಲ. ಕೊಟ್ಟು ನೋಡು."

ಅಮ್ಮನ ಮಾತಲ್ಲಿ ತಪ್ಪೇನಿಲ್ಲ. ಮನೆಗೆ ಬಂದವರಿಗೆ ತಟ್ಟೆ ತುಂಬಾ ಬಡಿಸಿ, ಸಾಕು ಅಂದ ಮೇಲೆ ಇನ್ನೊಂದು ಸೌಟು ಹಾಕದಿದ್ದರೆ ನಮಗೆ ಊಟ ಹಾಕಿದ ಹಾಗೇ ಆಗಲ್ಲ. ಆದರೆ ಆಮೆಗೆ ಈ ಉಪಚಾರ ಆಗಿಬರಲ್ಲ ಅನ್ನೋದನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ. ನಮ್ಮದು ಶಿಡ್ಲಘಟ್ಟದ ಕಡೆ. ನಮ್ಮ ಬೀದಿಯ ಕೊನೆ ಮನೆಯಲ್ಲಿ ನಕ್ಷತ್ರ ಆಮೆ ಇತ್ತು. ರಾಗಿ ಹೊಲದಲ್ಲಿ ಸಿಕ್ಕಿತ್ತಂತೆ, ಮನೆಗೆ ಒಳ್ಳೆಯದು ಅಂತ ಇಟ್ಟುಕೊಂಡಿದ್ದರು. ಆಗ ಕಾನೂನು ಗೀನೂನು ಯಾರಿಗೆ ಗೊತ್ತು. ನೀರಿನ ಡ್ರಮ್ಮಿನ ಹಿಂದೆ ಸಿಮೆಂಟ್ ನೆಲದ ಮೇಲೆ ಅದರ ವಾಸ. ಹಾಲನ್ನ, ಬಾಳೆಹಣ್ಣು, ಶನಿವಾರ ನೈವೇದ್ಯದ ಪೊಂಗಲ್ ಕೂಡ ಹಾಕುತ್ತಿದ್ದರು. ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ. ಚಿಪ್ಪು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು, ಹಳೇ ರಬ್ಬರ್ ಚೆಂಡಿನ ಹಾಗೆ. ನಾವು ಮಕ್ಕಳು ಅದನ್ನೇ ಒಂದು ಆಟ ಮಾಡಿಕೊಂಡಿದ್ದೆವು. ಒಂದು ದಿನ ಹೋದಾಗ ಡ್ರಮ್ಮಿನ ಹಿಂದೆ ಏನೂ ಇರಲಿಲ್ಲ. ಅದರ ಮೈಯಲ್ಲಿ ಸುಣ್ಣದಂಶವೇ ಇರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಮೂವತ್ತು ವರ್ಷ ಆದ ಮೇಲೆ.

ಇದನ್ನ ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು. ಆಮೆ ಹಸುವಿನ ಹಾಗೆ ಮೆಲುಕು ಹಾಕಲ್ಲ. ಆದರೆ ಹುಲ್ಲು ತಿಂದು ಬದುಕುವ ಉಪಾಯ ಎರಡಕ್ಕೂ ಒಂದೇ, ಹೊಟ್ಟೆಯೊಳಗೆ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡಿರೋದು. ಆಮೆಗೆ ಅವು ದೊಡ್ಡ ಕರುಳಿನಲ್ಲಿ ಇರುತ್ತವೆ. ಅಲ್ಲಿ ನಾರು ನಿಧಾನಕ್ಕೆ ಹುದುಗುತ್ತೆ, ದೋಸೆ ಹಿಟ್ಟಿನ ಹಾಗೆ, ಆದರೆ ಒಂದು ರಾತ್ರಿಯಲ್ಲಿ ಮುಗಿಯಲ್ಲ. ಬಾಯಲ್ಲಿ ಹೋದ ಹುಲ್ಲು ಆಚೆ ಬರೋಕೆ ವಾರಗಳೇ ಹಿಡಿಯುತ್ತೆ. ಇಂಥ ಹೊಟ್ಟೆಗೆ ಸಿಹಿ ಹಣ್ಣು ಸುರಿದರೆ ಹುದುಗು ಕೆಟ್ಟು ಭೇದಿ ಶುರುವಾಗುತ್ತೆ. ಇನ್ನೊಂದು ಲೆಕ್ಕ ಸುಣ್ಣ ಮತ್ತು ರಂಜಕದ್ದು, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫರಸ್‌ನದ್ದು. ತಿನ್ನೋದರಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಕನಿಷ್ಠ ಎರಡರಷ್ಟು ಇರಬೇಕು. ಇಲ್ಲದಿದ್ದರೆ ಮೈ ತನ್ನ ಮೂಳೆಯನ್ನೇ ಕರಗಿಸಿ ಸರಿದೂಗಿಸಿಕೊಳ್ಳುತ್ತೆ. ಚಿಪ್ಪೂ ಮೂಳೆಯೇ ತಾನೇ.

"ಸುಣ್ಣ ತಾನೇ ಬೇಕಾಗಿರೋದು? ನನ್ನ ಎಲೆಅಡಿಕೆ ಡಬ್ಬೀಲಿ ಇದೆಯಲ್ಲ" ಅಂದರು ಅಮ್ಮ. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ನನಗೆ ಇವತ್ತಿಗೂ ಡೌಟು. (ಯಾರೂ ಹಾಗೆ ಮಾಡಬೇಡಿ. ಎಲೆಅಡಿಕೆ ಸುಣ್ಣ ಬಾಯಿ ಸುಡುತ್ತೆ.)

ಕೊನೆಗೆ ರಾಜಿ ಆಯಿತು. ವಾರಕ್ಕೆ ಒಂದು ದಿನ, ಭಾನುವಾರ ಬೆಳಿಗ್ಗೆ, ಒಂದೇ ಒಂದು ಹೊಸ ತರಕಾರಿ, ನಮ್ಮ ಎರಡು ಬೆರಳು ಸೇರಿಸಿದಷ್ಟು. ಬೇರೇನೂ ಬೆರೆಸಬಾರದು, ಯಾಕೆಂದರೆ ಹೊಟ್ಟೆ ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗಬೇಕು. ಮೊದಲು ಹುಲ್ಲು ತಿಂದಿರಬೇಕು. ಈ ಕೊನೇ ಷರತ್ತು ಅಮ್ಮನಿಗೆ ಸುಲಭವಾಗಿ ಅರ್ಥ ಆಯಿತು, ಊಟಕ್ಕೆ ಮುಂಚೆ ನನಗೆ ಕೋಡುಬಳೆ ಕೊಡದೆ ಸತಾಯಿಸಿದವರು ಅವರೇ ಅಲ್ವಾ.

ಮೊದಲನೇ ಭಾನುವಾರ ಸೀಮೆಬದನೆ. ಇದು ಮೂಲತಃ ಮೆಕ್ಸಿಕೋ ಕಡೆಯದ್ದು, ಇಲ್ಲಿ ಮೆಕ್ಸಿಕನ್ ಅಂಗಡಿಗಳಲ್ಲಿ ಚಾಯೋಟೆ ಅಂತ ರಾಶಿ ಹಾಕಿರುತ್ತಾರೆ. ಅಮ್ಮ ಸಿಪ್ಪೆ ಹೆರೆದು, ಕೂಟಿಗೆ ಹೆಚ್ಚುವ ಹಾಗೆ ಸಣ್ಣಗೆ ಹೆಚ್ಚಿ, ಸ್ಟೀಲ್ ತಟ್ಟೆಯಲ್ಲಿ ಇಟ್ಟುಕೊಂಡು ಹೋಗಿ ಮುಂದೆ ಕುಕ್ಕರುಗಾಲಲ್ಲಿ ಕೂತರು. ಶಾನುಭೋಗರು ಬಂದರು, ಮೂಗು ತಟ್ಟೆಯ ಅಂಚಿಗೆ ತಾಗುವಷ್ಟು ಬಗ್ಗಿಸಿದರು, ಅರ್ಧ ನಿಮಿಷ ಹಾಗೇ ನಿಂತರು. ಗಂಟಲ ಕೆಳಗಿನ ಚರ್ಮ ಮೇಲೆ ಕೆಳಗೆ ಆಡುತ್ತಿತ್ತು, ಅದು ವಾಸನೆ ನೋಡುವ ರೀತಿ. ಆಮೇಲೆ ಬಾಯಿ ತೆರೆದರು, ಆಮೆ ಬಾಯಿ ತೆರೆದರೆ ಒಳಗೆ ನಾಲಿಗೆ ಮಗುವಿನದ್ದರ ಹಾಗೆ ನಸುಗೆಂಪಾಗಿ ದಪ್ಪಗೆ ಇರುತ್ತೆ, ಅದನ್ನು ಮೊದಲ ಸಲ ನೋಡಿದವರಿಗೆ ನಗು ಬರದೇ ಇರಲ್ಲ. ಕಚ್ಚಿದ್ದು ತಟ್ಟೆಯನ್ನು. ಟಣ್ ಅಂತು. ಎರಡನೇ ಸಲಕ್ಕೆ ತುಂಡು ಸಿಕ್ಕಿತು, ಕರಕ್ ಅಂತ ಒಂದು ಸದ್ದು, ಅಷ್ಟೇ, ಎಲ್ಲ ಖಾಲಿ. ಅಮ್ಮನ ಮುಖ ನೋಡಬೇಕಿತ್ತು. ನಮ್ಮ ಮಗಳ ಅನ್ನಪ್ರಾಶನಕ್ಕೂ ಇಷ್ಟು ಖುಷಿ ಪಟ್ಟಿರಲಿಲ್ಲ.

ತಟ್ಟೆ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆವು. ಚಪ್ಪಡಿ ಕಲ್ಲಿನ ಮೇಲೆ ಹಾಕಿದರೆ ಸಾಕು, ಕೊಕ್ಕೂ ಸವೆಯುತ್ತೆ. ಮಣ್ಣಿನ ಮೇಲೆ ಮಾತ್ರ ಹಾಕಬಾರದು, ತರಕಾರಿ ಜೊತೆ ಮರಳು ಹೊಟ್ಟೆಗೆ ಹೋಗುತ್ತೆ.

ಸೀಮೆಬದನೆಯಲ್ಲಿ ನೀರೇ ಜಾಸ್ತಿ, ಸತ್ವ ಅಷ್ಟಕ್ಕಷ್ಟೆ. ಕ್ಯಾಲ್ಸಿಯಂ, ರಂಜಕ ಎರಡೂ ಹತ್ತಿರ ಹತ್ತಿರ ಸಮ. ಆದ್ದರಿಂದಲೇ ಅದು ತಿಂಡಿ, ಊಟ ಅಲ್ಲ. ಹೀರೇಕಾಯಿಯೂ ಅದೇ ಜಾತಿ. ಅದರಲ್ಲಿ ನಮ್ಮ ಮನೆಯಲ್ಲೊಂದು ಜಗಳ ಇತ್ತು. ಶಾನುಭೋಗರಿಗೆ ಸಿಪ್ಪೆ ಇಷ್ಟ, ಗೀರು ಗೀರಾಗಿ ಇರೋದರಿಂದ ಕೊಕ್ಕಿಗೆ ಚೆನ್ನಾಗಿ ಸಿಗುತ್ತೆ. ನಮಗೂ ಸಿಪ್ಪೆ ಬೇಕು, ಚಟ್ನಿಗೆ. ಇಂಡಿಯನ್ ಅಂಗಡಿಯಲ್ಲಿ ಹೀರೇಕಾಯಿ ರೇಟು ಏನು ಅಂತ ಇಲ್ಲಿರುವವರಿಗೆ ಗೊತ್ತು. ಹೆಚ್ಚಿನ ಭಾನುವಾರ ಚಟ್ನಿಯೇ ಗೆದ್ದಿದೆ.

ಪಾಪಾಸುಕಳ್ಳಿ ಬಗ್ಗೆ ಬರೆಯದಿದ್ದರೆ ಇದು ಅರ್ಧ ಬರಹ. ಅದು ಅಪರೂಪದ ತಿಂಡಿಯೇ ಅಲ್ಲ, ಇವರ ಮುದ್ದೆ. ಆದರೆ ಅಮ್ಮನಿಗೆ ಅದಕ್ಕಿಂತ ವಿಚಿತ್ರ ಇನ್ನೊಂದು ಇರಲಿಲ್ಲ. ಮೆಕ್ಸಿಕನ್ ಅಂಗಡಿಯಲ್ಲಿ ಮುಳ್ಳು ಹೆರೆದ ಕಳ್ಳಿ ಎಲೆಗಳನ್ನು ಪ್ಯಾಕೆಟ್ ಮಾಡಿ ಇಟ್ಟಿದ್ದರು, ನೊಪಾಲೆಸ್ ಅಂತ. ಮೆಕ್ಸಿಕೋದವರು ಪಲ್ಯ ಮಾಡಿ ತಿನ್ನುತ್ತಾರೆ. ಅಮ್ಮ ಅದರ ಮುಂದೆ ನಿಂತುಬಿಟ್ಟರು. "ಬೇಲಿ ಕಳ್ಳೀನ ದುಡ್ಡು ಕೊಟ್ಟು ತಗೊಳ್ತೀಯಾ? ನಮ್ಮೂರ ಕೆರೆ ದಂಡೆ ಮೇಲೆ ಎಷ್ಟು ಬೇಕಾದ್ರೂ ಇದೆಯಲ್ಲೇ." ಕಳ್ಳಿಯ ತವರು ಈ ಕಡೆಯೇ, ನಮ್ಮೂರ ಕೆರೆ ದಂಡೆಗೆ ಅದು ಬಂದದ್ದು ಇಲ್ಲಿಂದ, ಅಂತ ಹೇಳಿದರೆ ನಂಬಲಿಲ್ಲ. ಬಳ್ಳಾರಿ ಜಾಲಿಯ ಅಣ್ಣತಮ್ಮಂದಿರು ನಮ್ಮ ರಸ್ತೆ ಪಕ್ಕದಲ್ಲೇ ಮೆಸ್ಕೀಟ್ ಅನ್ನೋ ಹೆಸರಲ್ಲಿ ನಿಂತಿರೋದನ್ನು ತೋರಿಸಿದ ಮೇಲೆ ಅರೆಮನಸ್ಸಿನಿಂದ ಒಪ್ಪಿಕೊಂಡರು. "ಹಂಗಾದ್ರೆ ನೀನು ನಮ್ಮೂರಿಗೇ ಬಂದಿದೀಯ ಬಿಡು" ಅಂದರು.

ಎಲೆ ಎಲೆ ಅನ್ನುತ್ತೀವಿ, ನಿಜಕ್ಕೂ ಅದು ಕಾಂಡ. ನೂರು ಗ್ರಾಂ ಕಳ್ಳಿಯಲ್ಲಿ ಸುಮಾರು 160 ಮಿಲಿಗ್ರಾಂ ಕ್ಯಾಲ್ಸಿಯಂ, ರಂಜಕ ಬರೀ 16. ಕುಂಬಳಕಾಯಿಯಲ್ಲಿ ಲೆಕ್ಕ ತಿರುಗಾಮುರುಗಾ, ಕ್ಯಾಲ್ಸಿಯಂ 21, ರಂಜಕ 44. ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟರೆ ಯಾವುದು ಊಟ, ಯಾವುದು ತಿಂಡಿ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ಹಿತ್ತಲ ಕಳ್ಳಿಯನ್ನು ಕೊಯ್ದರೆ ಮುಳ್ಳು ತೆಗೆಯಬೇಕು. ದೊಡ್ಡ ಮುಳ್ಳಿನದ್ದು ತೊಂದರೆಯಿಲ್ಲ, ಕಣ್ಣಿಗೆ ಕಾಣುತ್ತೆ. ಬುಡದಲ್ಲಿ ಕಂದು ಬಣ್ಣದ ಕೂದಲಿನಂಥ ಮುಳ್ಳು ಇರುತ್ತಲ್ಲ, ಅದು ಚುಚ್ಚಿದರೆ ಎರಡು ದಿನ ಬೆರಳು ಉರಿ. ಅಮ್ಮ ಇದಕ್ಕೊಂದು ದಾರಿ ಕಂಡುಕೊಂಡರು. ಇಕ್ಕಳದಲ್ಲಿ ಹಿಡಿದು, ಬದನೆಕಾಯಿ ಸುಡುವ ಹಾಗೆ ಗ್ಯಾಸ್ ಒಲೆ ಮೇಲೆ ತಿರುಗಿಸಿ ತಿರುಗಿಸಿ ಸುಟ್ಟರು. ಚಿಟಚಿಟ ಅಂತ ಎಲ್ಲ ಮುಳ್ಳೂ ಉರಿದುಹೋದವು. ಇಲ್ಲಿನ ಹಳಬರೂ ಹೀಗೇ ಸುಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೊಗೆ ಅಲಾರಂ ಕಿರುಚಿದ್ದು ಬೇರೆ ವಿಷಯ.

ಮೇ ತಿಂಗಳಲ್ಲಿ ಹಿಪ್ಪುನೇರಳೆ ಸಿಕ್ಕಿತು. ಪಕ್ಕದ ಊರು ಟೆಂಪೆಯಲ್ಲಿ ನಮ್ಮ ಗೆಳತಿಯ ಹಳೇ ಮನೆ ಹಿಂದೆ ದೊಡ್ಡ ಮರ ಇದೆ. ನೆರಳಿಗೆ ಅಂತ ಒಂದು ಕಾಲದಲ್ಲಿ ಈ ಕಡೆ ಎಲ್ಲರೂ ನೆಟ್ಟಿದ್ದರು. ಅದರ ಪರಾಗದಿಂದ ಅಲರ್ಜಿ ಜಾಸ್ತಿಯಾಗಿ ಟೂಸಾನ್ ಕಡೆ 1980ರ ದಶಕದಲ್ಲೇ ನೆಡಬಾರದು ಅಂತ ನಿಯಮ ಮಾಡಿದರು. ಹಳೇ ಮರಗಳು ಹಾಗೇ ಉಳಿದಿವೆ. ಆ ಮರ ನೋಡಿ ಅಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ರೇಷ್ಮೆ ಹುಳ ಮೇಯಿಸಿದ್ದರು, ಅವರು ನೋಡಿದ್ದೆಲ್ಲ ಸೊಂಟದೆತ್ತರಕ್ಕೆ ಕಡಿದ ಗಿಡ. ಹಿಪ್ಪುನೇರಳೆ ಇಷ್ಟು ಎತ್ತರ ಬೆಳೆಯುತ್ತೆ ಅನ್ನೋದೇ ಅವರಿಗೆ ಹೊಸದು.

ಅಲ್ಲಿಂದ ಮುಂದೆ ನಾನು ಅಡ್ಡ ಹೋಗಲಿಲ್ಲ. ಸೊಪ್ಪು ಆರಿಸಿದ ರೀತಿಯೇ ಬೇರೆ. ತೀರಾ ಎಳೇದು ಬೇಡ, ತೀರಾ ಬಲಿತದ್ದು ಬೇಡ, ಧೂಳು ಇರಬಾರದು, ಒದ್ದೆ ಇರಬಾರದು. ಹುಳಕ್ಕೆ ಒದ್ದೆ ಸೊಪ್ಪು ಹಾಕಿದರೆ ಭೇದಿ ಹತ್ತುತ್ತೆ ಅಂತ ಒಂದೊಂದೇ ಎಲೆಯನ್ನು ಸೀರೆ ಸೆರಗಲ್ಲಿ ಒರೆಸಿದರು. ಆಮೆಗೆ ಒದ್ದೆ ಇದ್ದರೆ ಒಳ್ಳೆಯದೇ ಅಂತ ನಾನು ಹೇಳಲಿಲ್ಲ, ಸುಮ್ನೆ ನೋಡುತ್ತಾ ಕೂತೆ. ಶಾನುಭೋಗರು ಎಲೆಯ ಅಂಚಿನಿಂದ ಅರ್ಧಚಂದ್ರದ ಹಾಗೆ ಕತ್ತರಿಸಿ ತಿನ್ನುತ್ತಿದ್ದರು, ನಡುವೆ ಮುಂಗಾಲಲ್ಲಿ ಒತ್ತಿ ಹಿಡಿದು ಎಳೆಯುವುದು. ಅಮ್ಮ ಕೇಳಿದರು, "ಎಷ್ಟನೇ ಜ್ವರದಲ್ಲಿದೆಯೇ ಇದು?" ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ, ನಾಲ್ಕು ಜ್ವರ ಮುಗಿದರೆ ಸೊಪ್ಪು ಹಾಕಿ ಸಾಕಾಗಿ ಹೋಗುತ್ತೆ, ಮಳೆ ಸುರಿದ ಹಾಗೆ ಮನೆ ತುಂಬಾ ತಿನ್ನುವ ಸದ್ದು. ಹಿಪ್ಪುನೇರಳೆ ಆಮೆಗೆ ತುಂಬ ಒಳ್ಳೆಯ ಸೊಪ್ಪು. ತಿಂಡಿ ಅನ್ನೋದಕ್ಕಿಂತ ಅರ್ಧ ಊಟ ಅಂತಲೇ ಅನ್ನಬಹುದು. ಔಷಧಿ ಹೊಡೆದ ಮರದ್ದು ಮಾತ್ರ ಆಗಬಾರದು. ಆ ಮಾತು ಅಮ್ಮನೇ ಹೇಳಿದ್ದು. ಹುಳದವರ ಮನೆಗೆ ಅದು ಚೆನ್ನಾಗಿ ಗೊತ್ತು.

ನುಗ್ಗೆ ಸೊಪ್ಪು ಸ್ವಲ್ಪ ಕಷ್ಟದ ಕೇಸು. ಫೀನಿಕ್ಸ್ ಬಿಸಿಲಿಗೆ ನುಗ್ಗೆ ಚೆನ್ನಾಗಿ ಬರುತ್ತೆ, ನಮ್ಮವರ ಮನೆಗಳಲ್ಲಿ ಗೋಡೆ ಮೇಲೆ ಇಣುಕುವ ನುಗ್ಗೆ ಮರ ಕಂಡರೆ ಬೆಲ್ ಒತ್ತಿ ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಿಸಬಹುದು. ಸುಣ್ಣದಂಶ ಜಾಸ್ತಿ ಇದೆ, ಅದು ಒಳ್ಳೆಯದು. ಪ್ರೋಟೀನೂ ಜಾಸ್ತಿ ಇದೆ, ಅದು ಆಮೆಗೆ ಬೇಕಿಲ್ಲ. ಬೇಗ ಬೇಗ ಬೆಳೆಯೋದು ಆಮೆಗೆ ಒಳ್ಳೆಯದಲ್ಲ. ಹಿಂದೆ ಚಿಪ್ಪಿನ ಮೇಲೆ ಗೋಪುರ ಗೋಪುರವಾಗಿ ಏಳೋದಕ್ಕೆ ಪ್ರೋಟೀನನ್ನೇ ದೂರುತ್ತಿದ್ದರು. 2003ರಲ್ಲಿ ಆಫ್ರಿಕಾದ ಸಲ್ಕಾಟಾ ಆಮೆಮರಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಗಾಳಿಯ ತೇವ ಕಡಿಮೆಯಾಗಿದ್ದೇ ಅದಕ್ಕಿಂತ ದೊಡ್ಡ ಕಾರಣ ಅಂತ ಕಂಡುಬಂತು. ಹಾಗಂತ ಬೇಳೆ ಕಾಳು ಹಾಕಿ ಅಂತ ಅರ್ಥ ಅಲ್ಲ. ನಾನು ನುಗ್ಗೆ ಸೊಪ್ಪು ಒಂದು ಚಿಟಿಕೆ, ಗರಿಕೆ ಮೇಲೆ ಕೊತ್ತಂಬರಿ ಉದುರಿಸಿದ ಹಾಗೆ ಉದುರಿಸುತ್ತೇನೆ. ಅಷ್ಟೇ.

ಬಸಳೆ, ಪಾಲಕ್, ದಂಟು ಕೊಡಲ್ಲ. ಪಾಲಕ್ ಜಾಸ್ತಿ ತಿಂದರೆ ಹಲ್ಲು ಒರಟು ಒರಟಾಗುತ್ತಲ್ಲ, ಅದು ಆಕ್ಸಲೇಟ್. ಅದು ಸುಣ್ಣವನ್ನು ಹಿಡಿದುಕೊಂಡು ಮೈಗೆ ಸೇರದ ಹಾಗೆ ಮಾಡುತ್ತೆ. ಒಂದು ಎಲೆ ತಿಂದರೆ ಆಮೆ ಸಾಯಲ್ಲ, ಆದರೆ ಬೇರೆ ಇಷ್ಟೊಂದು ಇರುವಾಗ ಯಾಕೆ? ಬಸಳೆ ವಿಷಯದಲ್ಲಿ ಮಾತ್ರ ಅಮ್ಮನಿಗೆ ನನ್ನ ಮೇಲೆ ಸಿಟ್ಟು, ಕುಂಡದಲ್ಲಿ ಅವರೇ ಬೆಳೆಸಿದ್ದದು. ಟೊಮೆಟೊ, ಬದನೆ, ಆಲೂಗಡ್ಡೆ ಗಿಡದ ಎಲೆಗಳು, ಈರುಳ್ಳಿ, ಬೆಳ್ಳುಳ್ಳಿ, ಅವಕಾಡೊ ಯಾವುದೂ ಬೇಡ. ಹಾಗಲಕಾಯಿ ಕೊಡೋ ಧೈರ್ಯ ನಾನು ಮಾಡಿಲ್ಲ. ಅನ್ನ, ಚಪಾತಿ, ಬ್ರೆಡ್ ಬಗ್ಗೆ ಕೇಳೋದೇ ಬೇಡ.

ಜೂನ್‌ನಲ್ಲಿ ಒಂದು ಎಡವಟ್ಟು ಆಗುತ್ತಿತ್ತು. ಶನಿವಾರ ಬೆಳಿಗ್ಗೆ ನಾನು ಕಾಫಿ ಹಿಡಿದು ಹಿತ್ತಲಿಗೆ ಬಂದರೆ ಶಾನುಭೋಗರ ಚಿಪ್ಪಿನ ಮೇಲೆ ಅರಿಶಿನ ಕುಂಕುಮ, ಅದರ ಮೇಲೆ ನಾಲ್ಕು ಗುಲಾಬಿ ಬಣ್ಣದ ಹೂವು. ಕೂರ್ಮಾವತಾರ, ಶನಿವಾರ ಬೇರೆ, ಅಮ್ಮ ಕೈ ಮುಗಿದು ನಿಂತಿದ್ದಾರೆ. ದೇವರು ನಿಲ್ಲಬೇಕಲ್ಲ, ಜಮೀನು ಅಳೆಯೋಕೆ ಹೊರಟರು. ಎರಡು ಹೂವು ಜಾರಿ ಅವರ ಮುಂದೆಯೇ ಬಿದ್ದವು. ಕಣಗಿಲೆ! ಪಕ್ಕದ ಮನೆಯವರ ಬೇಲಿಯದು. ಈ ಊರಿನಲ್ಲಿ ಎಲ್ಲಿ ನೋಡಿದರೂ ಕಣಗಿಲೆ ಬೇಲಿ, ನೀರು ಕೇಳಲ್ಲ, ಬಿಸಿಲಿಗೆ ಜಗ್ಗಲ್ಲ. ಆದರೆ ಬೇರಿನಿಂದ ಹೂವಿನ ತನಕ ವಿಷ, ಸೀದಾ ಹೃದಯಕ್ಕೆ ಹೊಡೆಯುತ್ತೆ. ಕಾಫಿ ಲೋಟ ಎಲ್ಲಿ ಬಿತ್ತೋ ನೋಡಲಿಲ್ಲ. ಕೊಕ್ಕು ತಾಗುವ ಮೊದಲು ಹೂವು ಕೈಗೆ ಸಿಕ್ಕಿತು.

ಅಮ್ಮ ಪಾಪ ಬಿಳಿಚಿಕೊಂಡು ನಿಂತಿದ್ದರು. "ಕಣಗಿಲೆ ವಿಷ ಅಂತ ನನಗೂ ಗೊತ್ತು ಕಣೇ. ದನ ಅದನ್ನ ಮೂಸಲ್ಲ. ಇದೂ ಮೂಸಲ್ಲ ಅಂದ್ಕೊಂಡೆ."

ಅಲ್ಲೇ ಇರೋದು ತೊಂದರೆ. ಆಮೆಗೆ ಬಣ್ಣ ಚೆನ್ನಾಗಿ ಕಾಣುತ್ತೆ. ನಮ್ಮ ಶಾನುಭೋಗರಿಗಂತೂ ಕೆಂಪು, ಗುಲಾಬಿ ಕಂಡರೆ ಸಾಕು, ಮೊದಲು ಕಚ್ಚಿ ಆಮೇಲೆ ಯೋಚನೆ. ಮಗಳು ಕಾಲಿನ ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಂಡು ಬರಿಗಾಲಲ್ಲಿ ಹೋಗಿ ಹೆಬ್ಬೆರಳು ಕಚ್ಚಿಸಿಕೊಂಡಿದ್ದಾಳೆ. ಹಾಗಾಗಿ ಹಿತ್ತಲಿನ ಗಿಡಗಳೇ ಸರಿಯಿರಬೇಕು. ಲಂಟಾನ ಇದ್ದರೆ ಅದನ್ನೂ ಕೀಳಿಸಿ. ಅವತ್ತಿನಿಂದ ಪೂಜೆಗೆ ಕೆಂಪು ದಾಸವಾಳ ಮಾತ್ರ, ದೇವರು ಪ್ರಸಾದ ತಾನೇ ತಿನ್ನಲಿ ಅಂತ.

ಆಗಸ್ಟ್‌ನಲ್ಲಿ ಇನ್ನೊಂದು ಗಾಬರಿ. ಇಲ್ಲೂ ಮಳೆಗಾಲ ಅಂತ ಇದೆ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆ ತನಕ, ಇವರೂ ಮಾನ್ಸೂನ್ ಅಂತಲೇ ಅನ್ನುತ್ತಾರೆ. ನಮ್ಮ ಮುಂಗಾರು ನೋಡಿದವರಿಗೆ ಇದು ಮಳೆ ಅನ್ನಿಸಲ್ಲ. ಆದರೆ ಮರುಭೂಮಿ ಆಮೆಗೆ ಅದೇ ಸುಗ್ಗಿ, ಮಳೆ ಸದ್ದಿಗೆ ಬಿಲದಿಂದ ಎದ್ದು ಬಂದು ಗುಂಡಿಯ ನೀರಿಗೆ ಮೂಗದ್ದಿ ಹತ್ತು ನಿಮಿಷ ಕುಡಿಯುತ್ತೆ. ಕುಡಿದ ನೀರನ್ನು ಮೂತ್ರಕೋಶದಲ್ಲೇ ತಿಂಗಳುಗಟ್ಟಲೆ ಕೂಡಿಡುತ್ತೆ. ಅದಕ್ಕೇ ದಾರಿಯಲ್ಲಿ ಕಾಡಿನ ಆಮೆ ಸಿಕ್ಕರೆ ಮುದ್ದು ಮಾಡೋಕೆ ಎತ್ತಬಾರದು, ಹೆದರಿ ಅಷ್ಟೂ ನೀರು ಬಿಟ್ಟುಬಿಡುತ್ತೆ, ಆಮೇಲೆ ಬಾಯಾರಿ ಸತ್ತರೂ ಸಾಯಬಹುದು.

ಅದೇ ಹೊತ್ತಿಗೆ ಕಳ್ಳಿ ಹಣ್ಣಾಗುತ್ತೆ. ಒಂದು ಸಂಜೆ ಮಗಳು ಕಿರುಚಿಕೊಂಡು ಒಳಗೆ ಬಂದಳು, "ಅಮ್ಮಾ, ರಕ್ತ!" ಹೋಗಿ ನೋಡಿದರೆ ಶಾನುಭೋಗರ ಬಾಯಿ, ಗದ್ದ, ಮುಂಗಾಲು ಎಲ್ಲ ಕೆಂಪು. ನನಗೂ ಕೈಕಾಲು ತಣ್ಣಗಾಯಿತು. ಡಾಕ್ಟರಿಗೆ ಫೋನ್ ಮಾಡೋಕೆ ನಂಬರ್ ಹುಡುಕುತ್ತಿದ್ದೆ. ಅಮ್ಮ ನಿಧಾನಕ್ಕೆ ಬಂದು ಬಗ್ಗಿ ನೋಡಿ ಜೋರಾಗಿ ನಕ್ಕರು. "ಇದು ಪಾಪಾಸ್ಕಳ್ಳಿ ಹಣ್ಣು ತಿಂದಿದೆ. ನೀನು ಸ್ಕೂಲಿಂದ ಬರೋವಾಗ ಹಿಂಗೇ ಬಾಯಿ ಮಾಡ್ಕೊಂಡು ಬರ್ತಿದ್ದೆ, ಮರೆತೋಯ್ತಾ?"

ಮರೆತೇಹೋಗಿತ್ತು. ಕೆರೆ ದಂಡೆಯ ಮೇಲೆ ಕಡ್ಡಿಯಲ್ಲಿ ಹಣ್ಣು ಕೀಳೋದು, ಒರಟು ಕಲ್ಲಿಗೆ ಉಜ್ಜಿ ಮುಳ್ಳು ತೆಗೆಯೋದು, ನಾಲಿಗೆ ಯಾರದ್ದು ಜಾಸ್ತಿ ಕೆಂಪು ಅಂತ ಚಾಚಿ ತೋರಿಸೋದು. ಮರುಭೂಮಿಯಲ್ಲೂ ಈ ತಿಂಗಳಲ್ಲಿ ಆಮೆಗಳ ಬಾಯಿ ಹೀಗೇ ಕೆಂಪಾಗಿರುತ್ತೆ. ಹಣ್ಣು ಅಂತ ಇವರಿಗೆ ನಾನು ಕೊಡೋದು ಇದೊಂದನ್ನೇ, ಅದೂ ಆ ಕಾಲಕ್ಕೆ ಒಂದೆರಡು. ಮಾರನೇ ವಾರ ಹಿಕ್ಕೆಯೂ ಕೆಂಪಗೆ ಬರುತ್ತೆ, ಹೆದರಬೇಡಿ.

ಆಮೆಗೆ ತರಕಾರಿ ಉಪಚಾರ ಅಂದರೆ ನನಗೆ ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಅನ್ನೋ ಮುದಿ ಆಮೆ ನೆನಪಾಗುತ್ತಾನೆ. ಸುಮಾರು 1832ರಲ್ಲಿ ಹುಟ್ಟಿದ್ದು ಅಂತಾರೆ. ಪೊರೆ ಬಂದು ಕಣ್ಣು ಕಾಣಲ್ಲ, ವಾಸನೆ ಗೊತ್ತಾಗಲ್ಲ. ಹುಲ್ಲು ಸರಿಯಾಗಿ ಸಿಗದೆ ಸೊರಗಿಹೋಗಿದ್ದಾಗ ಅಲ್ಲಿನ ಪಶುವೈದ್ಯರು ವಾರಕ್ಕೊಂದು ಸಲ ಸೌತೆಕಾಯಿ, ಕ್ಯಾರೆಟ್, ಹಣ್ಣು ಕೈಯಾರೆ ತಿನ್ನಿಸೋಕೆ ಶುರು ಮಾಡಿದರು, ಮತ್ತೆ ಮೈ ತುಂಬಿಕೊಂಡ. ಇದನ್ನ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ನೋಡು, ಡಾಕ್ಟ್ರೇ ಕೊಡ್ತಾರೆ" ಅಂತ ಸೆಪ್ಟೆಂಬರ್ ಪೂರ್ತಿ ಅದೇ ಮಾತು. ಅವನದ್ದು ಮುಪ್ಪಿನ ಪಥ್ಯ ಅಮ್ಮಾ, ಇವರು ಇನ್ನೂ ಪ್ರಾಯದವರು ಅಂದೆ.

ಅಕ್ಟೋಬರ್‌ನಲ್ಲಿ ಅಂಗಡಿ ಮುಂದೆಲ್ಲ ಕುಂಬಳಕಾಯಿ ರಾಶಿ. ಹ್ಯಾಲೋವೀನ್ ಮುಗಿದರೆ ಬಿಟ್ಟಿ ಸಿಗುತ್ತೆ. ಆದರೆ ಆಮೆಗೆ ಆ ಹೊತ್ತಿನಲ್ಲಿ ಊಟವೇ ನಿಲ್ಲಿಸಬೇಕು. ಚಳಿಗೆ ಬಿಲ ಸೇರಿ ಮಲಗಿದರೆ ಮತ್ತೆ ಏಳೋದು ಮಾರ್ಚ್‌ನಲ್ಲಿ. ಮೈ ತಣ್ಣಗಾದರೆ ಹೊಟ್ಟೆಯೊಳಗಿನ ಹುದುಗೂ ನಿಂತುಹೋಗುತ್ತೆ, ಒಳಗೆ ಉಳಿದದ್ದು ಕೊಳೆಯುತ್ತೆ. ಮಲಗುವ ಎರಡು ಮೂರು ವಾರ ಮೊದಲೇ ಉಪವಾಸ, ನೀರು ಮಾತ್ರ. ಅಮ್ಮ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದವರು ಒಂದು ಚೂರು ಬೆರಳಲ್ಲಿ ಹಿಡಿದು ನನ್ನನ್ನೇ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಅದನ್ನು ಹಾಗೇ ಸಾಂಬಾರಿನ ಪಾತ್ರೆಗೆ ಹಾಕಿದರು. ಹಿತ್ತಲಿಗೆ ಹೋಗಿ ಬಿಲದ ಬಾಯಲ್ಲಿ ಕೂತು ಏನೋ ಮಾತಾಡಿ ಬಂದರು.

ಮೊನ್ನೆ ಮಾರ್ಚ್ ಹತ್ತಕ್ಕೆ ಶಾನುಭೋಗರು ಎದ್ದರು. ಮೈ ತುಂಬಾ ಮಣ್ಣು, ಕಣ್ಣು ಅರ್ಧ ಮುಚ್ಚಿತ್ತು. ಅಗಲವಾದ ಟಬ್ಬಿನಲ್ಲಿ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರು ಹಾಕಿ ಕೂರಿಸಿದೆ. ಎದ್ದ ಮೇಲೆ ಮೊದಲು ನೀರು, ಆಮೇಲೆ ಊಟ. ವಿಡಿಯೋ ಕಾಲ್‌ನಲ್ಲಿ ಅಮ್ಮ.

"ಎದ್ರಾ? ಇಳಿದುಹೋಗಿದಾರೆ ಕಣೇ. ಸೀಮೆಬದನೆ ತಂದಿದೀಯಾ?"

"ಇಲ್ಲಮ್ಮಾ. ಈಗ ನೀರು. ನಾಳೆ ಗರಿಕೆ."

"ಭಾನುವಾರ?"

ಕ್ಯಾಲೆಂಡರ್ ನೋಡಿದೆ. ಭಾನುವಾರಕ್ಕೆ ಇನ್ನೂ ದಿನಗಳಿದ್ದವು.

"ಮುಂದಿನ ತಿಂಗಳು ನೋಡೋಣ" ಅಂದೆ. ಶಾನುಭೋಗರು ಟಬ್ಬಿನ ಗೋಡೆ ಪಕ್ಕ ಆಗಲೇ ಒಂದು ಸುತ್ತು ಹೊರಟಿದ್ದರು.